ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೆ?

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯ ಮೇಲೆ ವಿದ್ಯೆಯ ಮಹತ್ವದ ಬಗ್ಗೆ ಮಾತುಗಳಾಗುತ್ತವೆ. ಈ ಸಲ ಅಧ್ಯಕ್ಷರು ನನ್ನನ್ನು ಕರೆದು, "ಮೇಷ್ಟ್ರೇ, ಮನೆಗೆ ಹೋದ ಮೇಲೂ ಉಪಯೋಗಕ್ಕೆ ಬರುವಂಥ ಒಂದು ವಿಷಯ ಹೇಳಿ" ಎಂದರು. ನಾನು ಆರಿಸಿಕೊಂಡ ವಿಷಯ ವಾಹನ ವಿಮೆ. ವಿದ್ಯಾರ್ಥಿವೇತನದ ಸಭೆಯಲ್ಲಿ ಇನ್ಶೂರೆನ್ಸ್ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಅರ್ಜಿ ಪರಿಶೀಲನಾ ಸಮಿತಿಯಲ್ಲಿ ಕುಳಿತವರಿಗೆ ಹಾಗೆ ಅನಿಸಲಾರದು.

ಅರ್ಜಿಯಲ್ಲಿ "ತಂದೆಯ ಉದ್ಯೋಗ" ಎಂಬ ಒಂದು ಕಾಲಂ ಇದೆ. ಅಲ್ಲಿ "ತಂದೆ ತೀರಿಹೋಗಿದ್ದಾರೆ, ರಸ್ತೆ ಅಪಘಾತ" ಎಂದು ಬರೆದ ಅರ್ಜಿಗಳು ಬರುತ್ತವೆ. ಜೊತೆಯಲ್ಲಿ ಬಂದ ತಾಯಿಯನ್ನು "ಪರಿಹಾರ ಏನಾದರೂ ಬಂತೇನಮ್ಮಾ?" ಎಂದು ಕೇಳಿದರೆ ಸಿಗುವ ಉತ್ತರಗಳು ಹೆಚ್ಚು ಕಡಿಮೆ ಮೂರೇ. "ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲವಂತೆ." "ಗುದ್ದಿ ಓಡಿಹೋದರು, ಗಾಡಿ ಸಿಗಲೇ ಇಲ್ಲ." "ಹಿರಿಯರು ಕೂತು ರಾಜಿ ಮಾಡಿಸಿದರು." ದುಡಿಯುವ ಕೈ ಹೋದ ಮನೆಯ ಮಗುವಿಗೆ ನಮ್ಮ ಟ್ರಸ್ಟು ಕೊಡುವ ಹಣ ಒಂದು ವರ್ಷದ ಫೀಸಿಗೂ ಪುಸ್ತಕಕ್ಕೂ ಸರಿಹೋಗುತ್ತದೆ. ಮನೆ ನಡೆಸುವ ಹಣ ಬೇರೆ ಕಡೆಯಿಂದ, ಅದೂ ಹಕ್ಕಾಗಿ, ಬರಬೇಕಿತ್ತು. ಅದು ಏಕೆ ಬರುವುದಿಲ್ಲ, ಬರುವಂತೆ ಮಾಡಲು ನಾವು ಏನು ಮಾಡಬಹುದು ಎಂಬುದೇ ನನ್ನ ಇಂದಿನ ಪಾಠ.

ಮೊದಲು ಬುಡದಿಂದ ಶುರು ಮಾಡೋಣ. ನಮ್ಮ ಗಾಡಿಯ ಡಿಕ್ಕಿಯಲ್ಲೋ ಮೊಬೈಲಿನಲ್ಲೋ ಇರುವ ಇನ್ಶೂರೆನ್ಸ್ ಕಾಗದ ಯಾರಿಗಾಗಿ? ನೂರು ಜನರನ್ನು ಕೇಳಿದರೆ ಹೆಚ್ಚಿನವರು "ನಮಗಾಗಿ" ಎನ್ನುತ್ತಾರೆ. ಅದು ಸರಿಯಾದ ಉತ್ತರವಲ್ಲ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ. ಇಲ್ಲಿ ಮೊದಲನೆಯವರು ಗಾಡಿಯ ಮಾಲೀಕರು, ಎರಡನೆಯವರು ವಿಮೆ ಕಂಪನಿ, ಮೂರನೆಯವರು ನಮ್ಮ ಗಾಡಿಯಿಂದ ಪೆಟ್ಟು ತಿಂದವರು. ಅಂದರೆ ನಾವು ಕಟ್ಟುವ ಈ ಹಣ ರಸ್ತೆಯಲ್ಲಿ ನಡೆದು ಹೋಗುವ ಅಪರಿಚಿತನ ರಕ್ಷಣೆಗೆ. ನಮ್ಮನ್ನು ಕಾಯುವುದು ಎದುರಿನವರು ಕಟ್ಟಿದ ಹಣ. ನನ್ನ ಕಾಗದ ನಿಮಗೆ ಕೊಡೆ, ನಿಮ್ಮ ಕಾಗದ ನನಗೆ ಕೊಡೆ. ಒಬ್ಬರು ಕೊಡೆ ಮಡಚಿಟ್ಟರೆ ನೆನೆಯುವುದು ಇನ್ನೊಬ್ಬರು.

ವಿಮೆಯ ಬಗ್ಗೆ ನಮ್ಮಲ್ಲಿ ಕೆಲವರಿಗೆ ಧಾರ್ಮಿಕ ಜಿಜ್ಞಾಸೆ ಇದೆ. ಅದಕ್ಕೆ ತೀರ್ಪು ಹೇಳುವ ವಿದ್ವತ್ತು ನನ್ನದಲ್ಲ, ಉಲಮಾಗಳನ್ನು ಕೇಳಿ ತಿಳಿದುಕೊಳ್ಳಿ. ಗಣಿತದ ಮೇಷ್ಟ್ರಾಗಿ ನಾನು ಹೇಳುವುದು ಇಷ್ಟೇ: ಥರ್ಡ್ ಪಾರ್ಟಿ ವಿಮೆ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ವಿಷಯವಲ್ಲ, ಅದು ಈ ದೇಶದ ಕಾನೂನು. ಅದರ ಫಲ ಸಿಗುವುದು ನಮಗಲ್ಲ, ನಮ್ಮಿಂದ ನೊಂದವರಿಗೆ. ನಮ್ಮ ಗಾಡಿಯಿಂದ ಒಬ್ಬರ ಕಾಲು ಮುರಿದರೆ ಆ ಮನುಷ್ಯನ ಹಕ್ಕು ನಮ್ಮ ಕೊರಳಿಗೆ ಬೀಳುತ್ತದೆ ಎಂಬುದರಲ್ಲಿ ಯಾರಿಗೂ ಜಿಜ್ಞಾಸೆ ಇಲ್ಲವಲ್ಲ.

ಈಗ ಒಂದು ಲೆಕ್ಕ ಮಾಡೋಣ. ಕರಿಹಲಗೆ ಇಲ್ಲ, ಮನಸ್ಸಿನಲ್ಲೇ ಬರೆದುಕೊಳ್ಳಿ.

ಒಬ್ಬ ದರ್ಜಿ ಇದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು 38. ತಿಂಗಳ ದುಡಿಮೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಸ್ವಂತ ಸ್ಕೂಟರಿನಲ್ಲಿ ಅಂಗಡಿಯಿಂದ ಮನೆಗೆ ಬರುವಾಗ ಒಂದು ಟೆಂಪೊ ಗುದ್ದಿ ಅವರು ತೀರಿಹೋಗುತ್ತಾರೆ. ತಪ್ಪು ಪೂರ್ತಿ ಟೆಂಪೊ ಚಾಲಕನದು. ಪರಿಹಾರ ಎಷ್ಟು?

ಇದನ್ನು ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಮಾಡಿದೆ. ವರ್ಷದ ಆದಾಯ 1,80,000. ಸ್ವಂತ ಉದ್ಯೋಗದವರು 40 ವರ್ಷದೊಳಗಿದ್ದರೆ ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇಕಡಾ 40 ಸೇರಿಸಬೇಕು. ಆಗ 2,52,000. ಅವಲಂಬಿತರು ನಾಲ್ವರಿದ್ದರೆ ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು. ಉಳಿದದ್ದು 1,89,000. 36ರಿಂದ 40 ವರ್ಷದವರಿಗೆ ಗುಣಕ 15. ಗುಣಿಸಿದರೆ 28,35,000 ರೂಪಾಯಿ. ಅಂತ್ಯಸಂಸ್ಕಾರದ ಖರ್ಚು ಮುಂತಾದ ಸಣ್ಣ ಬಾಬತ್ತುಗಳು ಇದರ ಮೇಲೆ ಬರುತ್ತವೆ.

ಆ ಟೆಂಪೊಗೆ ಚಾಲ್ತಿಯಲ್ಲಿರುವ ವಿಮೆ ಇದ್ದರೆ ಈ 28 ಲಕ್ಷ ಚಿಲ್ಲರೆಯನ್ನು ವಿಮೆ ಕಂಪನಿ ಬಡ್ಡಿ ಸಮೇತ ಕೊಡಬೇಕು.

ವಿಮೆ ಇಲ್ಲದಿದ್ದರೆ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಆಗಲೂ ಅದೇ 28 ಲಕ್ಷಕ್ಕೆ ಆದೇಶ ಮಾಡುತ್ತದೆ. ಲೆಕ್ಕ ಬದಲಾಗುವುದಿಲ್ಲ. ಕೊಡಬೇಕಾದವರು ಬದಲಾಗುತ್ತಾರೆ. ಆಗ ಕೊಡಬೇಕಾದವರು ಟೆಂಪೊ ಮಾಲೀಕ ಮತ್ತು ಚಾಲಕ. ವರ್ಷದ ಪ್ರೀಮಿಯಂ ಕಟ್ಟದೆ ಬಿಟ್ಟವನ ಹತ್ತಿರ 28 ಲಕ್ಷ ಎಲ್ಲಿಂದ ಬರಬೇಕು? ಆಸ್ತಿ ಜಪ್ತಿಗೆ ಅರ್ಜಿ ಹಾಕಬಹುದು. ಆದರೆ ಆಸ್ತಿ ಇರಬೇಕಲ್ಲ. ಆದೇಶದ ಪ್ರತಿ ಮನೆಯ ಟ್ರಂಕಿನಲ್ಲಿ ಉಳಿಯುತ್ತದೆ, ಹಣ ಬರುವುದಿಲ್ಲ.

ಟೆಂಪೊ ಗುದ್ದಿ ಓಡಿಹೋಗಿ ಪತ್ತೆಯೇ ಆಗದಿದ್ದರೆ? ಅದಕ್ಕೆ ಸರ್ಕಾರದ ಯೋಜನೆಯೊಂದಿದೆ. 2022ರ ಏಪ್ರಿಲ್ 1ರಿಂದ ಅದರಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೂ ಮೊದಲು ಸಾವಿಗೆ 25,000, ಗಾಯಕ್ಕೆ 12,500 ಇತ್ತು.

ಗಮನಿಸಿ ಮಕ್ಕಳೇ. ಮನುಷ್ಯ ಒಬ್ಬನೇ, ಸಾವು ಒಂದೇ, ತಪ್ಪೂ ಒಬ್ಬನದೇ. ಒಂದು ಕಡೆ 28 ಲಕ್ಷ, ಇನ್ನೊಂದು ಕಡೆ 2 ಲಕ್ಷ, ಮತ್ತೊಂದು ಕಡೆ ಬರೀ ಕಾಗದ. ವ್ಯತ್ಯಾಸ ಮಾಡಿದ್ದು ಸತ್ತವರ ಕೈಯಲ್ಲಿಲ್ಲದ ಒಂದು ಸಂಗತಿ: ಗುದ್ದಿದವನು ಪ್ರೀಮಿಯಂ ಕಟ್ಟಿದ್ದನೋ ಇಲ್ಲವೋ ಎಂಬುದು. ಇನ್ನೂ ಒಂದು ವಿಚಿತ್ರ ನೋಡಿ. ಗಾಡಿ ಯಾವುದೆಂದು ಗೊತ್ತಿದ್ದು ವಿಮೆ ಮಾತ್ರ ಇಲ್ಲದಿದ್ದರೆ ಈ 2 ಲಕ್ಷದ ಯೋಜನೆಯೂ ಅನ್ವಯಿಸುವುದಿಲ್ಲ, ಏಕೆಂದರೆ ಅದು ಪತ್ತೆಯಾಗದ ಗಾಡಿಗಳಿಗೆ ಮಾತ್ರ.

ನಮ್ಮ ಕೆಲವು ಮಕ್ಕಳು ಓದಿ ಅಮೆರಿಕಕ್ಕೂ ಹೋಗುತ್ತಾರೆ. ಅವರಿಗಾಗಿ ಒಂದು ಮಾತು. ಈ ಅಪಾಯಕ್ಕೆ ಅಲ್ಲಿ ಬೇರೆಯೇ ವಿಮೆ ಇದೆ. "ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್" ಎನ್ನುತ್ತಾರೆ. ಗುದ್ದಿದವನಿಗೆ ವಿಮೆ ಇಲ್ಲದಿದ್ದರೆ ನಮ್ಮ ಪಾಲಿಸಿಯಿಂದಲೇ ನಮಗೆ ಗಾಯದ ಪರಿಹಾರ ಸಿಗುತ್ತದೆ. ಗುದ್ದಿದವನ ವಿಮೆಯ ಮೊತ್ತ ಸಾಲದಿದ್ದರೆ ಉಳಿದದ್ದನ್ನು ಪಾಲಿಸಿಯ ಮಿತಿಯೊಳಗೆ ತುಂಬಿಕೊಡಲು "ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್" ಇದೆ. ಅಲ್ಲಿ ಅದು ಬೇಕಾಗುವುದು ಏಕೆಂದರೆ ಕಡ್ಡಾಯ ವಿಮೆಗೆ ಮೊತ್ತದ ಮಿತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರ ಗಾಯಕ್ಕೆ ಕಡ್ಡಾಯ ಕನಿಷ್ಠ ಮೊತ್ತ ದಶಕಗಳ ಕಾಲ 15,000 ಡಾಲರ್ ಇತ್ತು. 2025ರಲ್ಲಷ್ಟೇ 30,000 ಆಯಿತು. ಅಲ್ಲಿನ ಆಸ್ಪತ್ರೆ ಬಿಲ್ಲಿನ ಮುಂದೆ ಅದು ಎಲ್ಲಿಗೂ ಸಾಲದು. ಕೆಲವು ರಾಜ್ಯಗಳಲ್ಲಿ ಈ ರಕ್ಷಣೆ ಕಡ್ಡಾಯ. ಕ್ಯಾಲಿಫೋರ್ನಿಯಾದಂಥ ಕಡೆ ಕಂಪನಿ ಅದನ್ನು ಕೊಡಲೇಬೇಕು, ಬೇಡವಾದರೆ ನಾವು ಬರೆದು ಸಹಿ ಹಾಕಬೇಕು. ಅಲ್ಲಿಗೆ ಹೋಗುವ ಮಕ್ಕಳು ನಾಲ್ಕು ಡಾಲರ್ ಉಳಿಸಲು ಆ "ಬೇಡ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ.

ನಮ್ಮ ದೇಶದಲ್ಲಿ ಆ ಹೆಸರಿನ ಕಡ್ಡಾಯ ರಕ್ಷಣೆ ಇಲ್ಲ. ಒಂದು ಒಳ್ಳೆಯ ಸಂಗತಿ ಇದೆ: ನಮ್ಮ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು, ಗಾಯಗಳಿಗೆ ಮೊತ್ತದ ಮಿತಿ ಇಲ್ಲ. ನ್ಯಾಯಮಂಡಳಿ ಎಷ್ಟು ಹೇಳಿದರೆ ಕಂಪನಿ ಅಷ್ಟು ಕೊಡಬೇಕು. ಆದ್ದರಿಂದ ನಮ್ಮಲ್ಲಿ ವಿಮೆ ಸಾಲದೆ ಬರುವುದು ಮೊತ್ತದಿಂದಲ್ಲ, ಮನುಷ್ಯರಿಂದ. ಪಾಲಿಸಿ ಇರುತ್ತದೆ, ಆದರೆ ಗಾಯಗೊಂಡ ಮನುಷ್ಯ ಅದರೊಳಗೆ ಬರುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಭಾಗದಲ್ಲಿ ನಿದ್ದೆ ಮಾಡಬೇಡಿ.

ಒಂದು, ಬೈಕಿನ ಹಿಂದೆ ಕುಳಿತವರು. ಬೈಕಿಗೆ ಇರುವುದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದು, ಆ ಬೈಕಿನ ಸವಾರನ ತಪ್ಪಿನಿಂದಲೇ ಅಪಘಾತವಾದರೆ ಹಿಂದೆ ಕುಳಿತವರಿಗೆ ಕಂಪನಿ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ಹಿಂದೆ ಕೂರುವವರು ಯಾರು? ನಮ್ಮ ಹೆಂಡತಿ, ನಮ್ಮ ತಾಯಿ, ಶಾಲೆಗೆ ಬಿಡುವ ನಮ್ಮ ಮಗು. ಪ್ಯಾಕೇಜ್ ಪಾಲಿಸಿ, ಅಂದರೆ ಜನ "ಫುಲ್ ಇನ್ಶೂರೆನ್ಸ್" ಎನ್ನುವುದು, ಇದ್ದರೆ ಹಿಂದೆ ಕುಳಿತವರಿಗೂ ರಕ್ಷಣೆ ಇರುತ್ತದೆ.

ಎರಡು, ಸರಕು ಸಾಗಿಸುವ ಗಾಡಿಯಲ್ಲಿ ಜನ. ಮದುವೆಗೆಂದೋ ಜಿಯಾರತ್‌ಗೆಂದೋ ಗೂಡ್ಸ್ ಟೆಂಪೊ ಹತ್ತಿ ಹೋಗುತ್ತೇವೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯಾಗಿ ಕುಳಿತವರಿಗೆ ಕಾನೂನಿನ ರಕ್ಷಣೆ ಇದೆ. ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಇಲ್ಲ. ಒಂದು ಗಾಡಿಯಲ್ಲಿ ಮೂವತ್ತು ಜನ, ಮೂವತ್ತು ಮನೆಗಳು ಎಂಬುದನ್ನು ನೆನಪಿಡಿ.

ಮೂರು, ಗಾಡಿ ಓಡಿಸುತ್ತಿದ್ದವರು. ಮಾಲೀಕ ತಾನೇ ಓಡಿಸುವಾಗ ತನಗಾಗುವ ಪೆಟ್ಟಿಗೆ ಥರ್ಡ್ ಪಾರ್ಟಿ ವಿಮೆ ಬರುವುದಿಲ್ಲ, ಏಕೆಂದರೆ ಅವನು ಮೂರನೆಯವನಲ್ಲ. ಅದಕ್ಕಾಗಿಯೇ "ಓನರ್ ಡ್ರೈವರ್ ಪಿಎ" ಎಂಬ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಸಾವಿಗೆ, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 15 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಅದರ ಅರ್ಧ. ತಪ್ಪು ಯಾರದು, ಎದುರಿನ ಗಾಡಿಗೆ ವಿಮೆ ಇತ್ತೇ, ಅದು ಸಿಕ್ಕಿತೇ, ಇದೊಂದನ್ನೂ ಇಲ್ಲಿ ಕೇಳುವುದಿಲ್ಲ. ಗಾಡಿ ನಿಮ್ಮ ಹೆಸರಿನಲ್ಲಿರಬೇಕು, ನಿಮ್ಮ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಅಷ್ಟೇ. ಅಮೆರಿಕದವರ ಆ ವಿಮೆಗೆ ನಮ್ಮಲ್ಲಿ ಹತ್ತಿರದ್ದು ಇದೇ.

ಆದರೆ ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. "ಐದು ವರ್ಷ ಚಿಂತೆ ಇಲ್ಲ" ಎಂದು ನಾವು ಮರೆತುಬಿಡುತ್ತೇವೆ. ಅದೇ ಪಾಲಿಸಿಯಲ್ಲಿ ಪಿಎ ಒಂದೇ ವರ್ಷಕ್ಕೆ ಇರಬಹುದು. ದಿನಾಂಕ ನೋಡಬೇಕು. ಎರಡನೆಯದು, ತಂದೆಯ ಹೆಸರಿನ ಬೈಕನ್ನು ಮಗ ಕಾಲೇಜಿಗೆ ಓಡಿಸುತ್ತಾನೆ. ಪಿಎ ಇರುವುದು ತಂದೆಗೆ, ಮಗನಿಗಲ್ಲ. ಮೂರನೆಯದು, ಗೆಳೆಯನ ಬೈಕು. ಬೇರೆಯವರ ಗಾಡಿಯನ್ನು ಕೇಳಿ ಪಡೆದು ಓಡಿಸುವವನು ಕಾನೂನಿನ ಕಣ್ಣಿನಲ್ಲಿ ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆ ಗಾಡಿಯ ಕಂಪನಿಯಿಂದ ಮೂರನೆಯವನಂತೆ ಪರಿಹಾರ ಕೇಳಲಾರ ಎಂಬ ಅರ್ಥದ ತೀರ್ಪು 2009ರಲ್ಲಿ ಬಂದಿದೆ. ಅದು ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ. ಹಾಸ್ಟೆಲಿನ ಮಕ್ಕಳೇ, "ಒಂದು ರೌಂಡ್ ಹೋಗಿ ಬರ್ತೀನಿ, ಕೀ ಕೊಡೋ" ಎನ್ನುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಹಾಗಾದರೆ ಮಗನಿಗೆ, ಮಗಳಿಗೆ, ಹಿಂದೆ ಕೂರುವ ಹೆಂಡತಿಗೆ, ಗಾಡಿಯೇ ಇಲ್ಲದೆ ನಡೆದುಹೋಗುವ ತಂದೆಗೆ ಏನು? ಅವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಅಥವಾ ಪೋಸ್ಟಾಫೀಸಿನಲ್ಲಿ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಮೇ ಕೊನೆಗೆ ಖಾತೆಯಲ್ಲಿ ಹಣ ಇಲ್ಲದೆ ಆ 20 ರೂಪಾಯಿ ಕಡಿತವಾಗದೆ ಹೋದರೆ ವಿಮೆ ನಿಂತುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಖಾತೆ ಇರುತ್ತದೆ, ವಿಮೆ ನಿಂತಿರುವುದು ಗೊತ್ತೇ ಇರುವುದಿಲ್ಲ. ಇದಲ್ಲದೆ ಹಿಂಬದಿ ಸವಾರರಿಗೂ ಪಿಎ ಸೇರಿಸಲು ವಿಮೆ ಮಾಡಿಸುವಾಗಲೇ ಕೇಳಬಹುದು.

ನಮ್ಮ ದರ್ಜಿಯ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಟೆಂಪೊಗೆ ವಿಮೆ ಇಲ್ಲ. ಆದರೆ ಅವರ ಸ್ವಂತ ಸ್ಕೂಟರಿನ ಪಿಎ ಚಾಲ್ತಿಯಲ್ಲಿತ್ತು, 20 ರೂಪಾಯಿಯ ಯೋಜನೆಯೂ ಇತ್ತು ಎಂದಿಟ್ಟುಕೊಳ್ಳಿ. 15 ಮತ್ತು 2, ಒಟ್ಟು 17 ಲಕ್ಷ. ಗುದ್ದಿದವನ ಯೋಗ್ಯತೆಯನ್ನು ನೆಚ್ಚದೆ ಬರುವ ಹಣ ಇದು. 28 ಲಕ್ಷ ಅಲ್ಲ, ನಿಜ. ಆದರೆ ಆ ಮಕ್ಕಳ ಓದು ಅರ್ಧಕ್ಕೆ ನಿಲ್ಲುವುದಿಲ್ಲ.

"ಇದಕ್ಕೆಲ್ಲ ದುಡ್ಡೆಲ್ಲಿ ಮೇಷ್ಟ್ರೇ?" ಎನ್ನುವವರಿಗೂ ಒಂದು ಲೆಕ್ಕ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿಯೊಳಗಿನ ಬೈಕಿಗೆ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ, ತೆರಿಗೆ ಬಿಟ್ಟು, 714 ರೂಪಾಯಿ. ದಿನಕ್ಕೆ ಎರಡು ರೂಪಾಯಿಯೂ ಇಲ್ಲ. ಪಿಎಗೆ ಅದರ ಮೇಲೆ ಕೆಲವು ನೂರು ರೂಪಾಯಿ. ಎರಡು ಗಾಡಿ ಇದ್ದವರು 15 ಲಕ್ಷದ ಪಿಎಯನ್ನು ಎರಡು ಸಲ ಕಟ್ಟಬೇಕಾಗಿಲ್ಲ, ಒಂದು ಇದ್ದರೆ ಸಾಕು. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿದರೆ ದಂಡ 4,000. ಎದುರಿನವರ ಮನೆ ಹಾಳಾದರೆ ನಿಮ್ಮ ಮನೆಯೂ ಮಾರಾಟಕ್ಕೆ ಬರಬಹುದು ಎಂಬುದು ಇದಕ್ಕಿಂತ ದೊಡ್ಡ ದಂಡ.

ತಂದೆತಾಯಂದಿರಿಗೆ ಒಂದು ಕಠಿಣ ಮಾತು. ಹೈಸ್ಕೂಲು ಹುಡುಗನಿಗೆ ಬೈಕಿನ ಕೀ ಕೊಡಬೇಡಿ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂದು ಕಾಯ್ದೆ ಹೇಳುತ್ತದೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿದಾಗ ವಿಮೆ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶ ಮಾಡುವುದುಂಟು. ಗಾಯಾಳುವಿಗೆ ಅದು ಒಳ್ಳೆಯದೇ. ಆದರೆ ಆ ಲಕ್ಷಗಳು ಕೊನೆಗೆ ನಿಮ್ಮ ಮನೆ ಬಾಗಿಲಿಗೇ ಬರುತ್ತವೆ.

ಹಳೆಯ ಗಾಡಿ ಕೊಳ್ಳುವವರು, ಮಾರುವವರು ನಮ್ಮಲ್ಲಿ ಹೆಚ್ಚು. ಮಾರಿದ ಮೇಲೆ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಗಾಡಿ ಕೈಬಿಟ್ಟು ವರ್ಷಗಳಾಗಿರಬಹುದು, ನೋಟಿಸು ನಿಮಗೇ ಬರುತ್ತದೆ. ಕೊಂಡವರು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮೆ ಕಂಪನಿಗೆ ಅರ್ಜಿ ಕೊಡಬೇಕು.

ಇಷ್ಟು ಅಪಘಾತಕ್ಕೆ ಮೊದಲಿನ ಪಾಠ. ಅಲ್ಲಾಹನು ಕಾಪಾಡಲಿ, ಅಪಘಾತ ಆಗಿಯೇ ಬಿಟ್ಟರೆ ಏನು ಮಾಡಬೇಕು?

ಮೊದಲು ಪ್ರಾಣ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಅದಕ್ಕೆ ಕಾಯ್ದೆಯಲ್ಲೇ ರಕ್ಷಣೆ ಇದೆ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೂ, ಗಾಡಿ ಓಡಿಹೋಗಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಒಡವೆ ಅಡವಿಡಲು ಓಡುವ ಮುಂಚೆ ಆಸ್ಪತ್ರೆಯಲ್ಲಿ ಇದರ ಬಗ್ಗೆ ಕೇಳಿ.

ಎರಡನೆಯದು ನಂಬರು. ಗುದ್ದಿದ ಗಾಡಿಯ ನಂಬರು ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಅಕ್ಕಪಕ್ಕದ ಅಂಗಡಿ, ಪೆಟ್ರೋಲ್ ಬಂಕುಗಳಲ್ಲಿ ಕ್ಯಾಮೆರಾ ಇದ್ದರೆ ಮರುದಿನವೇ ಪೊಲೀಸರ ಗಮನಕ್ಕೆ ತನ್ನಿ. ದಿನ ಕಳೆದಂತೆ ಹಳೆಯ ದೃಶ್ಯಗಳು ಅಳಿಸಿಹೋಗುತ್ತವೆ. 28 ಲಕ್ಷಕ್ಕೂ 2 ಲಕ್ಷಕ್ಕೂ ನಡುವೆ ಇರುವುದು ಎಷ್ಟೋ ಸಲ ಈ ಒಂದು ನಂಬರು. ನಂಬರು ಇದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ಆ ಗಾಡಿಯ ವಿಮೆ ಯಾವ ದಿನದವರೆಗೆ ಇದೆ ಎಂದು ನೀವೇ ನೋಡಬಹುದು.

ಮೂರನೆಯದು ಎಫ್‌ಐಆರ್. ಇಲ್ಲಿ ಜಮಾಅತಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಎರಡೂ ಕಡೆಯವರು ಗೊತ್ತಿರುವವರು, ಠಾಣೆ ಮೆಟ್ಟಿಲೇಕೆ ಎಂದು ನೀವು ಒಳ್ಳೆಯ ಮನಸ್ಸಿನಿಂದಲೇ ರಾಜಿ ಮಾಡಿಸುತ್ತೀರಿ. ಐವತ್ತು ಸಾವಿರವೋ ಒಂದು ಲಕ್ಷವೋ ಕೈಗೆ ಬರುತ್ತದೆ, ದೂರು ದಾಖಲಾಗುವುದಿಲ್ಲ. ದೂರು ಇಲ್ಲದಿದ್ದರೆ ಮಹಜರು ಇಲ್ಲ, ಮಹಜರು ಇಲ್ಲದಿದ್ದರೆ ಆಮೇಲೆ ಪರಿಹಾರ ಕೇಳಲು ಆಧಾರವೇ ಸಿಗುವುದಿಲ್ಲ. ಗುದ್ದಿದ ಗಾಡಿಗೆ ವಿಮೆ ಇದ್ದಾಗ ಪರಿಹಾರ ಬರುವುದು ಕಂಪನಿಯಿಂದ, ನಿಮ್ಮ ಪರಿಚಯದವರ ಜೇಬಿನಿಂದಲ್ಲ. ಆ ವಿಧವೆಯ ಪರವಾಗಿ ಸಹಿ ಹಾಕಿಸುವ ಮುಂಚೆ ಒಬ್ಬ ವಕೀಲರನ್ನು ಕೇಳಿ. ಕ್ಷಮೆ ಕೊಡುವುದು ದೊಡ್ಡ ಗುಣ. ಆದರೆ ಯತೀಮ್ ಮಕ್ಕಳ ಪಾಲಿನ ಹಣವನ್ನು ಬಿಟ್ಟುಕೊಡುವ ಅಧಿಕಾರ ನಮಗಿಲ್ಲ.

2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳಲ್ಲಿ ಪೊಲೀಸರು ಅಪಘಾತದ ಪ್ರಥಮ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಕೊಡಬೇಕೆಂದಿದೆ. ಅದರ ಪ್ರತಿ ಕೇಳುವುದು ಕುಟುಂಬದ ಹಕ್ಕು. ಗುದ್ದಿದ ಗಾಡಿಗೆ ವಿಮೆ ಇಲ್ಲವೆಂದು ಗೊತ್ತಾದರೆ ಇನ್ನೊಂದು ಮುಖ್ಯ ಅಸ್ತ್ರವಿದೆ. ಅಂಥ ಗಾಡಿಯನ್ನು ಮಾಲೀಕರು ಸಾಕಷ್ಟು ಭದ್ರತೆ ಕೊಡುವವರೆಗೆ ಬಿಡುಗಡೆ ಮಾಡಬಾರದು, 3 ತಿಂಗಳಾದರೂ ಕೊಡದಿದ್ದರೆ ಹರಾಜು ಹಾಕಿ ಬಂದ ಹಣವನ್ನು ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು, ಇದಕ್ಕೆ ತಕ್ಕ ನಿಯಮ ಮಾಡಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸೂಚಿಸಿತು. ಗಾಡಿ ಠಾಣೆಯ ಅಂಗಳದಲ್ಲಿ ಇರುವಾಗಲೇ ವಕೀಲರ ಮೂಲಕ ಇದನ್ನು ಎತ್ತಬೇಕು. ಬಿಟ್ಟುಹೋದ ಮೇಲೆ ಕಷ್ಟ.

ನಾಲ್ಕನೆಯದು ಗಡುವು. ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆದರೆ ಆ ವಾದ ವಕೀಲರಿಗಿರಲಿ, ನಾವು 6 ತಿಂಗಳೊಳಗೇ ಹಾಕಿಬಿಡೋಣ. ಇದ್ದತ್ ಮುಗಿಯಲಿ, ಆಮೇಲೆ ನೋಡೋಣ ಎಂದು ತಾಯಂದಿರು ತಡ ಮಾಡುತ್ತಾರೆ. ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಉಳಿಯುವುದು ಎರಡು ತಿಂಗಳಿಗೂ ಕಡಿಮೆ. ಅಷ್ಟರಲ್ಲಿ ಮನೆಯ ಗಂಡಸರು ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಆದಾಯದ ದಾಖಲೆಗಳ ಪ್ರತಿಗಳನ್ನು ಕೂಡಿಸಿಡಬೇಕು. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಲು ಅವಕಾಶವಿದೆ. ಗುದ್ದಿ ಓಡಿಹೋದ ಪ್ರಕರಣದಲ್ಲಿ ಅರ್ಜಿ ಕೊಡಬೇಕಾದದ್ದು ಅಪಘಾತ ನಡೆದ ಕಡೆಯ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಅವರ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕಿನ ಕೋರ್ಟು ಆವರಣದಲ್ಲೇ ಅದರ ಕಚೇರಿ ಇರುತ್ತದೆ. 15100 ಎಂಬ ಸಂಖ್ಯೆಗೆ ಫೋನ್ ಮಾಡಿದರೂ ಆಗುತ್ತದೆ. ಗಂಡನನ್ನು ಕಳೆದುಕೊಂಡ ತಾಯಿ, ತಂದೆಯನ್ನು ಕಳೆದುಕೊಂಡ ಮಗು, ಇಬ್ಬರೂ ಇದರೊಳಗೆ ಬರುತ್ತಾರೆ.

ಟ್ರಸ್ಟಿನ ಪದಾಧಿಕಾರಿಗಳಿಗೆ ಒಂದು ಸಲಹೆ. ಮುಂದಿನ ವರ್ಷದ ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆ ಅರ್ಧ ಪುಟದ ಒಂದು ಸೂಚನೆ ಅಚ್ಚು ಮಾಡಿಸಿ. ಅಪಘಾತದಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಅರ್ಜಿದಾರರಿಗೆ ಪರಿಹಾರದ ಅರ್ಜಿ ಹಾಕಿದ್ದಾರೆಯೇ ಎಂದು ಕೇಳುವ ಒಂದು ಸಾಲು ಅರ್ಜಿಯಲ್ಲಿರಲಿ. ಹಾಕಿಲ್ಲವೆಂದರೆ ಅವರನ್ನು ಕಾನೂನು ನೆರವಿನ ಕಚೇರಿಯ ಬಾಗಿಲವರೆಗೆ ಕರೆದುಕೊಂಡು ಹೋಗಲು ಒಬ್ಬ ಸ್ವಯಂಸೇವಕನಿರಲಿ. ಇದಕ್ಕೆ ಟ್ರಸ್ಟಿನಿಂದ ಹೆಚ್ಚೇನೂ ಖರ್ಚಾಗುವುದಿಲ್ಲ. ಒಂದು ಮನೆಗೆ ಅದರ ಹಕ್ಕಿನ ಹಣ ಬಂದರೆ ಆ ಮಗು ಮುಂದಿನ ವರ್ಷ ನಮ್ಮ ಮುಂದೆ ಕೈಚಾಚಬೇಕಾಗಿಲ್ಲ, ಆ ವಿದ್ಯಾರ್ಥಿವೇತನ ಇನ್ನೊಂದು ಮಗುವಿಗೆ ಸಿಗುತ್ತದೆ.

ಮೇಷ್ಟ್ರು ಪಾಠ ಮುಗಿಸುವಾಗ ಮನೆಗೆಲಸ ಕೊಡದೆ ಬಿಡುವುದಿಲ್ಲ. ಮಕ್ಕಳೇ, ಇಂದು ರಾತ್ರಿ ಊಟವಾದ ಮೇಲೆ ಮನೆಯ ಪ್ರತಿ ಗಾಡಿಯ ಪಾಲಿಸಿ ತೆಗೆದು ನಾಲ್ಕು ಸಂಗತಿ ನೋಡಿ. ಥರ್ಡ್ ಪಾರ್ಟಿ ವಿಮೆ ಯಾವ ದಿನಕ್ಕೆ ಮುಗಿಯುತ್ತದೆ? ಪಿಎ ಇದೆಯೇ, ಇದ್ದರೆ ಯಾವ ದಿನದವರೆಗೆ? ಆರ್‌ಸಿಯಲ್ಲಿ ಯಾರ ಹೆಸರಿದೆ, ಓಡಿಸುವವರು ಯಾರು? ಹಿಂದೆ ಕೂರುವವರಿಗೆ ರಕ್ಷಣೆ ಇದೆಯೇ? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ತಂದೆತಾಯಿಗೆ ತೋರಿಸಿ, ಪಾಲಿಸಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಬ್ಯಾಂಕಿಗೆ ಹೋದಾಗ 20 ರೂಪಾಯಿಯ ಯೋಜನೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ.

ರಸ್ತೆಯಲ್ಲಿ ಎದುರಿಗೆ ಬರುವವನು ವಿಮೆ ಕಟ್ಟಿದ್ದಾನೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ನಮ್ಮದನ್ನು ಕಟ್ಟುವುದು ನಮ್ಮ ಕೈಯಲ್ಲಿದೆ.  ಎಲ್ಲರೂ ಜಾಗ್ರತೆಯಿಂದ ಮನೆ ಸೇರಿ. ವಸ್ಸಲಾಮ್.